ಜೇನು ಹೊತ್ತ ಮಿಲಿಟರಿ ಟ್ರೈಲರ್

"ಮದ್ದುಗುಂಡು ಹೊತ್ತ ಟ್ರೈಲರ್ ಇದು... ಇದರಲ್ಲಿ ಹುಳ ಸಾಗಿಸ್ತೀರಾ?!"

ಶೆಡ್ಡಿನ ಯಜಮಾನಿ ಕೈಲಿದ್ದ ಸ್ಪ್ಯಾನರ್ ಕೂಡ ಕೆಳಗಿಡದೆ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಹಳೇ ಮಿಲಿಟರಿ ಗಾಡಿಗಳನ್ನು ಜನರ ಕೆಲಸಕ್ಕೆ ಒಗ್ಗಿಸುವುದರಲ್ಲಿ ತನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂಬ ಜಂಬ ಅವಳಿಗೆ. ಅಪ್ಪ ಬಿಟ್ಟುಹೋದದ್ದು ಆ ಶೆಡ್ಡು ಮತ್ತು ಆ ಜಂಬ. ಎರಡನ್ನೂ ಅವಳು ಚೆನ್ನಾಗಿಯೇ ಬೆಳೆಸಿದ್ದಳು.

"ಹುಳ ಅಲ್ಲ ಮೇಡಂ, ಜೇನು," ಎಂದ ಅವನು. "ಹೂ ಬಿಟ್ಟ ತೋಟಗಳಿಗೆ ಪೆಟ್ಟಿಗೆ ಒಯ್ಬೇಕು. ಚಕ್ರದ ಮೇಲಿನ ಸ್ಪ್ರಿಂಗಿನ ಪಟ್ಟಿ ಒಂದಿಷ್ಟು ತೆಗೆದುಬಿಡಿ. ಇದು ಭಾರಕ್ಕೆ ಮಾಡಿದ್ದು, ನನ್ನ ಪೆಟ್ಟಿಗೆ ಹಗುರ. ಗಾಡಿ ಎತ್ತಿ ಎತ್ತಿ ಹಾಕಿದ್ರೆ ಒಳಗಿನ ಮೇಣದ ಎರಿ ಮುರಿಯುತ್ತೆ."

"ನಿಮ್ಮ ಜೇನಿಗೆ ಹಾರೋದು ನಾನು ಹೇಳ್ಕೊಡ್ತೀನಾ? ನನ್ನ ಕೆಲಸ ನಂಗೆ ಬಿಡಿ!"

ಮೂಲೆಯಲ್ಲಿ ಬಣ್ಣ ಕಲಸುತ್ತಿದ್ದ ಅವಳ ಚಿಕ್ಕಪ್ಪ ಕಿಸಕ್ಕನೆ ನಕ್ಕ. "ಗಿರಾಕಿ ಓಡಿಸೋದ್ರಲ್ಲಿ ನಮ್ಮ ಹುಡುಗಿ ಎತ್ತಿದ ಕೈ ಕಣಪ್ಪಾ!"

ಆದರೆ ಜೇನಿನವನು ಓಡಲಿಲ್ಲ. ದಿನಾ ಬಂದ. ತುಕ್ಕು ಉಜ್ಜಿದ, ಬೋಲ್ಟ್ ಹಿಡಿದ, ಬೈಸಿಕೊಂಡು ನಕ್ಕ.

'ಏನು ಗಂಡಸೋ! ಬೈದ್ರೂ ಹಲ್ಲು ಕಿರೀತಾನೆ...' ಎಂದು ಅವಳು ಮೂಗು ಮುರಿದಳು. ಅವನು ಬರುವುದು ತಡವಾದರೆ ಮಾತ್ರ ಗೇಟಿನ ಕಡೆ ನೋಡಿ ನೋಡಿ ಕತ್ತು ನೋಯುತ್ತಿತ್ತು. ಇದನ್ನು ಪ್ರೀತಿ ಎಂದು ಯಾರಾದರೂ ಅಂದಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದಳು.

ಟ್ರೈಲರ್ ಸಿದ್ಧವಾಯಿತು. ಅವನು ಬಗ್ಗಿ ಕೆಳಗೆ ನೋಡಿದ.

"ಪಟ್ಟಿ ಹಾಗೇ ಇದೆಯಲ್ಲಾ..."

"ಹಾಗೇ ಇರುತ್ತೆ. ಗಟ್ಟಿ ಗಾಡಿನ ಹಾಳು ಮಾಡೋದು ನನ್ನ ಕೆಲಸ ಅಲ್ಲ."

ಅವನು ಟ್ರೈಲರನ್ನು ಜೀಪಿಗೆ ಕಟ್ಟಿಕೊಂಡು ಹೋದ. ಆಮೇಲೆ ಸುಳಿವೇ ಇಲ್ಲ!

ಒಂದು ಮಧ್ಯಾಹ್ನ ಬೇರಿಂಗ್ ತರಲು ಹೋದವಳು ದೊಡ್ಡ ಗ್ಯಾರೇಜಿನ ಮುಂದೆ ಗಕ್ಕನೆ ನಿಂತಳು. ತನ್ನ ಟ್ರೈಲರ್... ಚಕ್ರ ಬಿಚ್ಚಿ, ಸ್ಪ್ರಿಂಗ್ ಕಳಚಿ ಮಲಗಿಸಿದ್ದಾರೆ! ಪಕ್ಕದಲ್ಲೇ ಜೇನಿನವನು!

ಮೈಯೆಲ್ಲಾ ಉರಿಯಿತು. ಒಳಗೆ ನುಗ್ಗಿದಳು.

"ಥೂ! ನನ್ನ ಶೆಡ್ಡಲ್ಲಿ ನಕ್ಕು, ಇಲ್ಲಿ ಬಂದು ಮಾನ ಕಳೀತೀರಾ? ನಿಮಗೆ ತಳ್ಳುಗಾಡಿನೇ ಸರಿ!"

ಅವನು ನಗಲಿಲ್ಲ. ಜೀಪಿನಲ್ಲಿದ್ದ ಪೆಟ್ಟಿಗೆಯೊಂದರ ಮುಚ್ಚಳ ತೆಗೆದ. ಎರಿಗಳು ಮುರಿದು ತಳಕ್ಕೆ ಬಿದ್ದಿದ್ದವು. ಸೋರಿದ ಜೇನುತುಪ್ಪದಲ್ಲೇ ಅಂಟಿಕೊಂಡು ಜೇನುಹುಳಗಳು ಸತ್ತಿದ್ದವು.

"ಮೊದಲನೇ ಸಲಕ್ಕೇ ಅರ್ಧಕ್ಕರ್ಧ ಹೋಯ್ತು," ಎಂದ.

ಗ್ಯಾರೇಜಿನ ಮಾಲೀಕ ಹೊಟ್ಟೆ ಕುಣಿಸಿ ನಕ್ಕ. "ಹೆಂಗಸರ ಕೈಗೆ ಗಾಡಿ ಕೊಟ್ರೆ ಇನ್ನೇನಾಗುತ್ತೆ?"

"ಅವರು ಹಾಕಿದ ಬೆಸುಗೆ ಒಂದೂ ಬಿಟ್ಟಿಲ್ಲ. ಬಾಯಿ ಮುಚ್ಕೊಂಡು ನಿಮ್ಮ ಕೆಲಸ ನೋಡಿ!" ಎಂದು ಅವನು ಗದರಿದ.

ಅವಳು ಪೆಟ್ಟಿಗೆಯ ಮೇಲೆ ಬಗ್ಗಿದಳು.

"ನನ್ನ ಹತ್ರ... ಯಾಕೆ ಬರ್ಲಿಲ್ಲ?"

"ನನ್ನನ್ನ ಕಸದ ಹಾಗೆ ನೋಡ್ತಿದ್ರಿ, ಅದು ಅಭ್ಯಾಸ ಆಗಿತ್ತು. ಆದ್ರೆ ಈ ಸತ್ತ ಜೇನನ್ನೂ ಹಾಗೇ ನೋಡಿಬಿಟ್ಟಿದ್ರೆ... ಆಮೇಲೆ ನಿಮ್ಮನ್ನ ಪ್ರೀತಿಸೋಕೆ ನನ್ನ ಕೈಲಾಗ್ತಿರ್ಲಿಲ್ಲ."

ಪ್ರೀತಿ! ಸ್ಪ್ಯಾನರ್ ಎಸೆಯಬೇಕಾದವಳ ಕಣ್ಣಲ್ಲಿ ನೀರು ತುಂಬಿತು.

"ತಪ್ಪು ನಂದೇ," ಎಂದಳು. ಹುಟ್ಟಿದಾಗಿನಿಂದ ಆ ಬಾಯಲ್ಲಿ ಬಾರದ ಮಾತು.

ಟ್ರೈಲರನ್ನು ಅಂದೇ ಶೆಡ್ಡಿಗೆ ತರಿಸಿ, ಒಂದಿಷ್ಟು ಪಟ್ಟಿ ತಾನೇ ತೆಗೆದು, ಸ್ಪ್ರಿಂಗು ಚಕ್ರ ಮತ್ತೆ ಕೂರಿಸಿದಳು. ಓಡಿಸಿ ನೋಡುವ ಹೊತ್ತಿಗೆ ಅವನು ಅವಳಿಗೆಂದು ಜೀಪಿನ ಮುಂಬಾಗಿಲು ತೆಗೆದರೆ, ಅವಳು ಟ್ರೈಲರ್ ಹತ್ತಿ ಖಾಲಿ ಪೆಟ್ಟಿಗೆಗಳ ನಡುವೆ ಕೂತಳು.

"ಅಲ್ಯಾಕೆ? ಸೊಂಟ ಮುರಿದೀತು!"

"ಮುರೀಲಿ. ಎಲ್ಲಿ ಮುರಿಯುತ್ತೆ ಅಂತ ಗೊತ್ತಾಗುತ್ತೆ. ನಡೀರಿ."

ಗುಂಡಿ ಬಿದ್ದ ರಸ್ತೆಯಲ್ಲಿ ಒಂದು ಸುತ್ತು ಮುಗಿಸಿ ಅವನು ಇಳಿದು ಬಂದ. ಮೈತುಂಬಾ ಧೂಳು ಹೊತ್ತವಳಿಗೆ ಕೈ ನೀಡಿದ.

"ಹೇಗಿತ್ತು?"

"ಇನ್ನೊಂದು ಪಟ್ಟಿ ತೆಗೀಬೇಕು." ಅವಳು ಆ ಕೈ ಹಿಡಿದು ಇಳಿದಳು, ಇಳಿದ ಮೇಲೂ ಬಿಡಲಿಲ್ಲ.

"ನನ್ನನ್ನ ಮದುವೆ ಆದ್ರೆ ಬೈಯೋದು ಬಿಡ್ತೀರಾ?"

"ಅದಾಗಲ್ಲ..." ಅವಳ ದನಿ ಮೆತ್ತಗಾಯಿತು. "ಆದ್ರೆ ನೀವು ಹೇಳೋದನ್ನ ಮೊದಲು ಪೂರ್ತಿ ಕೇಳ್ತೀನಿ. ಬೈಯೋದು ಆಮೇಲೆ."