ನೆಟ್ಟಗೆ ನಿಂತ ಐದು ಬಿರಡೆಗಳು

ಅಕ್ಟೋಬರ್ 14, ಮಂಗಳವಾರ. ಬೆಳಿಗ್ಗೆ 8.40ಕ್ಕೆ ಕೆಂಟಕಿಯ ಹಾರ್ಡೆಸ್ಟಿ ಕೌಂಟಿಯ ಶೆರಿಫ್ ಠಾಣೆಗೆ ಫೋನ್ ಬಂತು. ಮಾತಾಡಿದವನು ಟಾಲೋ ಫೋರ್ಕ್ ಭಟ್ಟಿಯ ಮಾಲೀಕ ಪ್ರೆಸ್ಟನ್ ಕ್ರಚರ್. ತನ್ನ ಉಗ್ರಾಣದ ಐದು ಪೀಪಾಯಿಗಳಲ್ಲಿ ಒಂಬತ್ತು ವರ್ಷ ಮಾಗಿದ ಬರ್ಬನ್ ವಿಸ್ಕಿ ಇತ್ತು, ಈಗ ಬರೀ ನೀರಿದೆ ಎಂಬುದು ಅವನ ದೂರು.

ಎಫ್‌ಐಆರ್ ಬರೆದುಕೊಂಡ ಡೆಪ್ಯುಟಿ ಡೆಲ್ಬರ್ಟ್ ಪೆನ್ನು ಕೆಳಗಿಟ್ಟ. "ಕಾನಾ ಊರಿನ ಮದುವೇಲಿ ಯೇಸು ನೀರನ್ನ ವೈನ್ ಮಾಡಿದ. ನಮ್ಮೂರಲ್ಲಿ ಯಾರೋ ಉಲ್ಟಾ ಮಾಡಿದಾರೆ ನೋಡಿ ಮೇಡಂ."

"ಗಾಡಿ ತೆಗಿ" ಎಂದಳು ತನಿಖಾಧಿಕಾರಿ ವರ್ನಾ ಮ್ಯಾಟಿಂಗ್ಲಿ. ಅವಳಿಗೆ ಐವತ್ತೆರಡು. ಅವಳಪ್ಪ ಜೀವಮಾನವೆಲ್ಲ ಆ ಭಟ್ಟಿಯಲ್ಲೇ ಪೀಪಾಯಿ ಉರುಳಿಸಿದವನು. ಸತ್ತು ಏಳು ವರ್ಷವಾದರೂ ಅವನ ಕೋಟಿನಿಂದ ಓಕ್ ಮರದ ವಾಸನೆ ಹೋಗಿರಲಿಲ್ಲ.

9.15ಕ್ಕೆ ತಲುಪಿದರು. ಕ್ರಚರ್ ಬಾಗಿಲಲ್ಲೇ ಕಾಯುತ್ತಿದ್ದ. ಭಟ್ಟಿಯನ್ನು ಕೊಂಡು ಆರು ವರ್ಷವಾಗಿತ್ತು. ಬೂಟು ಇನ್ನೂ ಹೊಸದಾಗಿತ್ತು.

"ಶನಿವಾರ ಬಾಟಲಿಗೆ ತುಂಬಬೇಕಿತ್ತು. ಲೇಬಲ್ ಅಚ್ಚಾಗಿ ಬಂದಾಯ್ತು. ಇವತ್ತು ರುಚಿ ನೋಡೋಣ ಅಂತ ತೆಗೆದ್ರೆ ನೀರು."

"ಲೇಬಲ್ ತೋರ್ಸಿ."

ತೋರಿಸಿದ. 'ಕೋಲ್ಬಿಯ ಕೊನೆಯ ಐದು' ಎಂದು ದಪ್ಪಕ್ಷರದಲ್ಲಿತ್ತು. ಕೆಳಗೆ ಅವನ ನೆನಪಿಗಾಗಿ ಎಂದು ಎರಡು ಸಾಲು, ಐದು ಪೀಪಾಯಿಗಳ ಮುಂದೆ ನಗುತ್ತ ನಿಂತ ಸಣಕಲು ಹುಡುಗನ ಫೋಟೋ. ವರ್ನಾಗೆ ಹುಡುಗ ಗೊತ್ತು. ಕೋಲ್ಬಿ ಬ್ಲಾನ್‌ಫರ್ಡ್. ಒಂಬತ್ತು ವರ್ಷದ ಹಿಂದೆ, ಇಪ್ಪತ್ತನಾಲ್ಕನೇ ವಯಸ್ಸಿಗೆ ಸತ್ತ, ಈ ಉಗ್ರಾಣದಲ್ಲೇ ಎರಡು ಸಾಲಿನ ನಡುವೆ ಬಿದ್ದಿದ್ದ. ಕುಡಿತದಿಂದ ಸಾವು ಎಂದು ವೈದ್ಯರು ಬರೆದಿದ್ದರು. ಆ ಮಾತು ಲೇಬಲ್ಲಿನಲ್ಲಿರಲಿಲ್ಲ.

"ಇದಕ್ಕೆ ಹುಡುಗನ ಮನೆಯವರು ಒಪ್ಪಿದ್ರಾ?"

"ಕಾಗದಪತ್ರ ಎಲ್ಲ ಸರಿಯಾಗಿದೆ" ಎಂದ ಕ್ರಚರ್.

ಪಂಚನಾಮೆ 9.40ಕ್ಕೆ ಶುರುವಾಯಿತು. ಬೀಗ ಒಡೆದಿರಲಿಲ್ಲ. ಬಾಗಿಲ ಚೌಕಟ್ಟಿನ ಹಿಂದೆ ಮೊಳೆಗೆ ಬೀಗದಕೈ ನೇತಾಡುತ್ತಿತ್ತು. ನಲವತ್ತು ವರ್ಷದಿಂದ ಅದರ ಜಾಗ ಅದೇ. ಪೀಪಾಯಿಗಳು ಮೂರನೇ ಸಾಲಿನ ಮರದ ಹಳಿಗಳ ಮೇಲೆ, ಇರಬೇಕಾದಲ್ಲೇ ಮಲಗಿದ್ದವು. ಹಳಿಯ ಧೂಳಿನಲ್ಲಿ ಉರುಳಿದ ಗುರುತಿತ್ತು. ಹಿಂಬಾಗಿಲಿನಿಂದ ಹಳ್ಳದವರೆಗೆ ಹುಲ್ಲು ಸುಟ್ಟಂತೆ ಕಂದಿತ್ತು.

"ಕದ್ದಿಲ್ಲ. ಚೆಲ್ಲಿದಾರೆ" ಎಂದಳು ವರ್ನಾ.

"ಚೆಲ್ಲಿದಾರಾ?" ಡೆಲ್ಬರ್ಟ್ ಹುಲ್ಲನ್ನೇ ನೋಡಿದ. "ಇದಕ್ಕೆ ಬೇರೆ ಕೇಸು ಹಾಕ್ಬೇಕು ಮೇಡಂ."

ವರ್ನಾ ಮತ್ತೆ ಒಳಗೆ ಹೋಗಿ ಲೇಬಲ್ಲಿನ ಫೋಟೋವನ್ನು ಪೀಪಾಯಿಗಳ ಪಕ್ಕ ಹಿಡಿದಳು. ಒಂದೊಂದನ್ನೇ ಹೋಲಿಸಿ ನೋಡಿದಳು.

"ಏನು ಮೇಡಂ?"

"ಪೀಪಾಯಿಯ ಹೊಟ್ಟೆ ಮೇಲೆ ಬಾಯಿದೆಯಲ್ಲ, ಬಿರಡೆ ಹೊಡೆದಿರೋದು. ಅದು ಯಾವಾಗ್ಲೂ ಮೇಲಕ್ಕೆ ಇರ್ಬೇಕು, ಗಡಿಯಾರದ ಹನ್ನೆರಡರ ಜಾಗದಲ್ಲಿ. ಇಲ್ಲಾಂದ್ರೆ ಸೋರತ್ತೆ. ಆದ್ರೆ ಪೀಪಾಯಿ ಉರುಳ್ತಾ ಹೋಗತ್ತೆ, ಎಲ್ಲಿ ನಿಂತರೆ ಬಾಯಿ ಎಲ್ಲಿರತ್ತೋ. ಅದಕ್ಕೇ ಉರುಳಿಸೋನು ಮೊದಲೇ ಲೆಕ್ಕ ಹಾಕ್ಬೇಕು. ಈ ಜಾಗಕ್ಕೆ ಹೋಗ್ಬೇಕು ಅಂದ್ರೆ ಬಾಯನ್ನ ನಾಲ್ಕು ಗಂಟೆಗಿಟ್ಟು ಬಿಡ್ಬೇಕು, ಆ ಜಾಗಕ್ಕಾದ್ರೆ ಏಳಕ್ಕೆ. ನಮ್ಮಪ್ಪ ಕಣ್ಣಳತೇಲೇ ಬಿಡ್ತಿದ್ದ. ಎರಡನೇ ಸಲ ಮುಟ್ತಿರ್ಲಿಲ್ಲ."

ಡೆಲ್ಬರ್ಟ್ ಫೋಟೋ ನೋಡಿದ. ಅದರಲ್ಲಿ ಒಂದು ಬಿರಡೆ ಒಂದು ಗಂಟೆಗಿತ್ತು, ಇನ್ನೊಂದು ಹನ್ನೊಂದಕ್ಕೆ, ಕೊನೆಯದಂತೂ ಎರಡು ಗಂಟೆಯನ್ನೂ ದಾಟಿತ್ತು.

"ಹುಡುಗ ಉರುಳಿಸಿದ ಕೊನೆಯ ಐದು ಇವು. ಕೈ ಕೂತಿರ್ಲಿಲ್ಲ. ಸತ್ತೋದ ಅಂತ ಹಾಗೇ ಬಿಟ್ಟಿದ್ರು. ಈಗ ನೋಡು."

ಈಗ ಐದು ಬಿರಡೆಗಳೂ ಹನ್ನೆರಡಕ್ಕಿದ್ದವು. ನೂಲು ಹಿಡಿದಂತೆ.

"ನಿಮ್ಮ ಆಳುಗಳಿಗೆ ಇದು ಬರತ್ತಾ?" ಎಂದು ಕ್ರಚರ್‌ನನ್ನು ಕೇಳಿದಳು.

"ನಾವೀಗ ನೆಟ್ಟಗೆ ನಿಲ್ಲಿಸಿ ಯಂತ್ರದಲ್ಲಿ ಎತ್ತಿಡ್ತೀವಿ. ಉರುಳಿಸೋದೆಲ್ಲ ಯಾರಿಗೆ ಬೇಕು?"

"ಹಾಗಾದ್ರೆ ಯಾರಿಗೆ ಬರತ್ತೆ?" ಎಂದ ಡೆಲ್ಬರ್ಟ್.

"ಇಬ್ಬರಿಗೆ ಬರ್ತಿತ್ತು. ಒಬ್ಬ ಚರ್ಚಿನ ಹಿಂದೆ ಮಲಗಿದಾನೆ, ನಮ್ಮಪ್ಪ." ಇನ್ನೊಬ್ಬನ ಹೆಸರನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಭಟ್ಟಿ ಮುಚ್ಚಿರುವುದು ಭಾನುವಾರ ಮಾತ್ರ, ಅವತ್ತು ಬೆಳಿಗ್ಗೆ ಊರೆಲ್ಲ ಚರ್ಚಿನಲ್ಲಿರುತ್ತದೆ. 11.30ಕ್ಕೆ ಅವರು ಚರ್ಚಿಗೆ ಹೋದರು. ಕಸ ಗುಡಿಸುತ್ತಿದ್ದ ಲುಸೀಲ್ ಮುದುಕಿಯ ಹೇಳಿಕೆ ಚಿಕ್ಕದು.

"ಓರ್ವಿಲ್ ಬ್ಲಾನ್‌ಫರ್ಡಾ? ಕಾಣಿಕೆ ಬುಟ್ಟಿ ಹಿಡಿಯೋನು ಅವನೇ ಅಲ್ವಾ, ಮದುವೆ ಆದಾಗಿಂದ. ಮೂರು ಭಾನುವಾರ ಆಯ್ತು, ಬಂದಿಲ್ಲ."

"ಯಾಕಂತೆ?"

"ಮಂಡಿ ನೋವಂತೆ. ಸೋಮವಾರ ನೋಡಿದ್ರೆ ಅಂಗಡೀಲಿ ಜೋಳದ ಹಿಟ್ಟಿನ ಮೂಟೆ ಹೊತ್ಕೊಂಡು ಹೋಗ್ತಿದ್ದ, ಪುಣ್ಯಾತ್ಮ."

ಮಧ್ಯಾಹ್ನ 1.10ಕ್ಕೆ ಓರ್ವಿಲ್‌ನ ಮನೆ. ಎಪ್ಪತ್ತನಾಲ್ಕು ವರ್ಷದ ಅಗಲ ಭುಜದ ಮನುಷ್ಯ, ಕೋಲ್ಬಿಯ ಅಪ್ಪ. ಒಲೆಯ ಮೇಲೆ ಹಂದಿಮಾಂಸದ ತುಂಡು ಹಾಕಿದ ಕಾಳು ಕುದಿಯುತ್ತಿತ್ತು.

"ಬಾ ಮಗಳೇ. ಇವನ್ಯಾರು, ಸ್ಪಾಲ್ಡಿಂಗ್ ಮನೆಯೋನಾ? ಕಿವಿ ನೋಡಿದ್ರೆ ಗೊತ್ತಾಗತ್ತೆ. ಕೂತ್ಕೊಳ್ಳಿ, ಊಟ ಆಗ್ತಾ ಇದೆ."

"ಊಟಕ್ಕೆ ಬಂದಿಲ್ಲ ಓರ್ವಿಲ್ ಮಾವ. ಮಂಡಿ ಹೇಗಿದೆ?"

"ಚೆನ್ನಾಗಿದೆ."

"ಭಾನುವಾರ ಪೂಜೆ ಹೊತ್ತಲ್ಲಿ ಎಲ್ಲಿದ್ರಿ?"

ಓರ್ವಿಲ್ ಸೌಟು ಆಡಿಸುತ್ತಲೇ ಇದ್ದ. ವರ್ನಾ ಲೇಬಲ್ಲನ್ನು ಮೇಜಿನ ಮೇಲಿಟ್ಟಳು.

"ಫೋಟೋದಲ್ಲಿ ಬಿರಡೆ ಸೊಟ್ಟಗಿದೆ ಮಾವ. ಈಗ ನೆಟ್ಟಗಿದೆ."

ಅವನು ಬಂದು ಬಗ್ಗಿ ನೋಡಿದ. ಬಿರಡೆಗಳನ್ನಲ್ಲ, ಹುಡುಗನನ್ನು. ಆಮೇಲೆ ಕುರ್ಚಿ ಎಳೆದುಕೊಂಡ.

"ನೆಟ್ಟಗಿಟ್ನಾ ನಾನು?"

"ಐದನ್ನೂ."

"ಗೊತ್ತೇ ಆಗ್ಲಿಲ್ಲ ನೋಡು. ಕೈ ಅದರ ಪಾಡಿಗೆ ಮಾಡ್ಬಿಟ್ಟಿದೆ. ನಿಮ್ಮಪ್ಪ ಇದ್ದಿದ್ರೆ ನಗ್ತಿದ್ದ."

"ನೀರು ಯಾಕೆ ತುಂಬಿದ್ರಿ?"

"ಖಾಲಿ ಬಿಟ್ರೆ ಹಲಗೆ ಒಣಗಿ ಬಾಯಿ ಬಿಡತ್ತೆ. ಪೀಪಾಯಿ ಏನು ತಪ್ಪು ಮಾಡಿತ್ತು?"

ಹೇಳಿಕೆಯನ್ನು ಡೆಲ್ಬರ್ಟ್ ಬರೆದುಕೊಂಡ. ಮೂರು ಭಾನುವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡು. ಮೊಳೆಯ ಬೀಗದಕೈ. ಒಬ್ಬನೇ.

"ಆ ಕ್ರಚರ್ ಹತ್ರ ಎರಡು ಸಲ ಹೋದೆ, ಟೋಪಿ ಕೈಲಿ ಹಿಡ್ಕೊಂಡು" ಎಂದ ಓರ್ವಿಲ್. "ವಿಸ್ಕಿ ನಿಂದು, ಮಾರ್ಕೋ. ಹೆಸರು ಮಾತ್ರ ಬೇಡ ಅಂದೆ. ಕುಡಿದು ಸತ್ತೋನ ಮುಖ ಬಾಟಲಿ ಮೇಲೆ ಬೇಡ ಅಂದೆ. ಗೌರವ ಕೊಡ್ತಿದೀವಿ ತಾತ, ಅಂದ. ಹೆಸರು, ಫೋಟೋ ಬಳಸೋಕೆ ನಿಮ್ಮ ಸಹಿ ಬೇಕಾಗಿಲ್ಲ, ಕೆಲಸಕ್ಕೆ ಸೇರಿದಾಗ ಅವನೇ ಹಾಕಿದಾನೆ, ಅಂದ."

"ಮಾವ, ಇಷ್ಟು ಸಾಕು. ವಕೀಲರು ಬರ್ಲಿ."

"ಬರ್ಕೊಳ್ಳಿ. ಕೆಲಸ ಕೊಡ್ಸಿದ್ದು ನಾನು. ತಾಮ್ರದ ಕೊಳವೆ ಕೈಗೆ ಕೊಟ್ಟು, ಪೀಪಾಯಿಂದ ಹೀರಿ ರುಚಿ ನೋಡು, ಇದೂ ಕೆಲಸಾನೇ ಅಂತ ಹೇಳ್ಕೊಟ್ಟೋನೂ ನಾನೇ. ಉರುಳಿಸೋದು ಅವನಿಗೆ ಬರ್ಲಿಲ್ಲ. ಅದೊಂದು ಬೇಗ ಕಲಿತ."

ಎದ್ದು ಒಲೆ ಆರಿಸಿದ. ಪಾತ್ರೆಗೆ ಮುಚ್ಚಳ ಹಾಕಿದ. ದಸ್ತಗಿರಿ ಸಮಯ 2.05. ಕೋಳ ಹಾಕಲಿಲ್ಲ. ಜಾಮೀನು ಕೊಡುತ್ತೇವೆಂದರೆ ಬೇಡ ಎಂದ. ಶನಿವಾರ ಕಳೆಯಲಿ ಎಂದ.

ಬುಧವಾರ ವರ್ನಾ ತಾನೇ ಕ್ರಚರ್ ಹತ್ತಿರ ಹೋಗಿ, ಹುಡುಗನ ಹೆಸರು ಬಿಟ್ಟುಬಿಡಿ ಎಂದು ಕೇಳಿದಳು. ಅವನು ಸಭ್ಯವಾಗಿಯೇ ಉತ್ತರ ಕೊಟ್ಟ. ಲೇಬಲ್ಲಿನಲ್ಲಿ ನೆನಪಿಗಾಗಿ ಎಂದಷ್ಟೇ ಇದೆ, ಬೇರೆ ಪೀಪಾಯಿಗಳಿವೆ, ವಕೀಲರನ್ನು ವಿಚಾರಿಸಿದ್ದೇನೆ ಎಂದ. ಪತ್ರಿಕೆಯವರು ಕಳ್ಳತನದ ಸುದ್ದಿ ಬರೆದ ಮೇಲಂತೂ ಫೋನು ನಿಂತೇ ಇಲ್ಲ ಎಂದ.

ಶನಿವಾರ ಬೆಳಿಗ್ಗೆ ತುಂಬಿ ಮಾರಾಟಕ್ಕಿಟ್ಟರು. ಭಟ್ಟಿಯ ಮುಂದೆ ಜನರ ಸಾಲು ಸೇತುವೆ ದಾಟಿತ್ತು. ಬಂದೋಬಸ್ತಿಗೆ ನಿಂತವನು ಡೆಲ್ಬರ್ಟೇ. ಸಂಜೆ 4ಕ್ಕೆ ವರ್ನಾ ಲಾಕಪ್ಪಿಗೆ ಕಾಫಿ ತೆಗೆದುಕೊಂಡು ಹೋದಳು.

"ನಿಲ್ಲಿಸಿದ್ರಾ ಮಗಳೇ?"

ಸುಳ್ಳು ಹೇಳಬಹುದಿತ್ತು. ಆದರೆ ಈ ಊರಿನಲ್ಲಿ ಅದು ಎರಡು ದಿನವೂ ಬಾಳುತ್ತಿರಲಿಲ್ಲ.

"ಇಲ್ಲ ಮಾವ. ಬೇರೆ ಪೀಪಾಯಿಂದ ತುಂಬಿದ್ರು. ಎಲ್ಲ ಖರ್ಚಾಯ್ತು."

"ಯಾವ ಸಾಲಿಂದು?"

"ನಾಲ್ಕನೇದು."

ಓರ್ವಿಲ್ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ. "ನಾಲ್ಕನೇದು ನಾನು ಉರುಳಿಸಿದ್ದು" ಎಂದ.

ಆರೋಪಪಟ್ಟಿಯಲ್ಲಿ ಕೃತ್ಯದ ಉದ್ದೇಶ ಎಂಬ ಕಡೆ ವರ್ನಾ ಬರೆದದ್ದು ಒಂದೇ ಸಾಲು: ಆರೋಪಿಯು ತನ್ನ ಮಗನ ಹೆಸರನ್ನು ಬಾಟಲಿಯಿಂದ ಬಿಡಿಸಿಕೊಳ್ಳಲು ಹೀಗೆ ಮಾಡಿದ್ದು, ಅದು ಸಾಧ್ಯವಾಗಿರುವುದಿಲ್ಲ.