ಐದು ದಿನದ ನೆಲ

"ಒಡೀರಿ," ಅಂದಳು ಧನ್ಯಾ.

ಟೈಲ್ಸ್ ಕೆಲಸದ ಬಸವೇಶ ಸುತ್ತಿಗೆ ಹಿಡಿದು ಅನುಮಾನಿಸಿದ. "ಇನ್ನೊಂದ್ಸಲ ಯೋಚ್ನೆ ಮಾಡಿ ಧನ್ಯಾ ಅವ್ರೇ. ಈ ಹಳೇ ನೆಲದ ಮೇಲೇ ಗಮ್ ಹಾಕಿ ಅಂಟ್ಸಿದ್ರೆ ಒಂದೇ ದಿನ. ಒಡ್ದು, ಸಿಮೆಂಟ್ ಹಾಸಿ ಕೂರ್ಸಿದ್ರೆ ಐದು ದಿನ ಬೇಕು."

ಐದು ದಿನ! ಹೋದ ತಿಂಗಳು ಬಚ್ಚಲ ಕೆಲಸಕ್ಕೆ ಬಂದು ಹೋದಾಗಿನಿಂದ ಅವಳ ಕಣ್ಣು ಇವನನ್ನೇ ಹುಡುಕುತ್ತಿತ್ತು. ಭಾನುವಾರ ಚನ್ನರಾಯಪಟ್ಟಣದಿಂದ ಹೆಣ್ಣು ನೋಡಲು ಬರುವವರಿದ್ದರು. ಅಡುಗೆಮನೆ ಅಷ್ಟರಲ್ಲಿ ಮುಗಿಯಬೇಕೆಂದು ಅಣ್ಣ ಕಾಂತರಾಜುವಿನ ಅಪ್ಪಣೆ.

"ನೆಲ ಗಟ್ಟಿಯಾಗಿರ್ಬೇಕು. ಒಡೀರಿ."

ಅವನು ಒಡೆದ. ಅಜ್ಜನ ಕಾಲದ ಕೆಂಪು ನೆಲ ಚೂರುಚೂರಾಯಿತು, ಗೋಡೆಗಳು ಅದುರಿದವು. ಎರಡನೇ ದಿನ ಕಾಫಿ ತಂದವಳ ಮೊಣಕೈಗೆ ಚೂರೊಂದು ಸಿಡಿದು ರಕ್ತ ಚಿಮ್ಮಿತು. ಬಸವೇಶ ಉಳಿ ಬಿಸಾಡಿ ಓಡಿಬಂದ. ಹಿಡಿದ ಕೈ ಬಿಡುವುದನ್ನೇ ಮರೆತ.

"ನೋವಾ?"

"ನೀವು ಕೈ ಬಿಟ್ರೆ ನೋವು."

ಅವನ ಕಿವಿಗಳು ಕೆಂಪಾದವು. ಶುಂಠಿ ಹೊಲದಿಂದ ಬಂದ ಕಾಂತರಾಜು ಅದನ್ನು ನಡುಮನೆಯಿಂದಲೇ ನೋಡಿದ.

ಐದನೇ ದಿನ ಬಸವೇಶ ಹಿತ್ತಿಲ ಬಾಗಿಲ ಬಳಿ ಕೊನೆಯ ಟೈಲ್ ಕೂರಿಸಿ, ಹೊಸ್ತಿಲ ಮೇಲೆ ಎದ್ದು ನಿಂತ. ಕಾಂತರಾಜು, ತಂಗಿ ಹೊರಗೆ ಬರದಂತೆ ಮುಂಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಮನೆ ಸುತ್ತಿ ಹಿತ್ತಿಲಿಗೆ ಬಂದ.

"ನೆಲ ಒಡಿಯಕೆ ಕರ್ದ್ರೆ ಮನೇನೇ ಒಡಿಯಕೆ ಬಂದ್ಯೇನ್ಲಾ?"

ಮೊದಲ ಏಟಿಗೆ ಬಸವೇಶನ ತುಟಿ ಸೀಳಿತು. ಎರಡನೆಯದಕ್ಕೆ ತಲೆ ಬಾಗಿಲಿನ ಚೌಕಟ್ಟಿಗೆ ಬಡಿಯಿತು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿದ್ದರೆ ಮೂರನೆಯದು ತಪ್ಪುತ್ತಿತ್ತು. ಆದರೆ ಹಿಂದೆ ಆವತ್ತೇ ಹಾಸಿದ ಹಸಿ ನೆಲ. ಹುಚ್ಚ, ಕದಲಲೇ ಇಲ್ಲ.

ನಡುಮನೆಯಲ್ಲಿದ್ದ ಧನ್ಯಾ ಚೀರಿದಳು. ಅವನ ಬಳಿ ಹೋಗಲು ಉಳಿದಿದ್ದ ದಾರಿ ಅದೇ ನೆಲ.

"ಧನ್ಯಾ, ಕಾಲಿಡ್ಬ್ಯಾಡ! ಹಸಿ ಅದೆ!"

ಮೊದಲ ಸಲ "ಅವ್ರೇ" ಬಿಟ್ಟು ಕರೆದಿದ್ದ. ಅವಳು ಕಾಲಿಟ್ಟೇಬಿಟ್ಟಳು. ಟೈಲ್‌ಗಳು ಒಂದೊಂದಾಗಿ ಕುಸಿದವು, ಸಂದಿಗಳಿಂದ ಸಿಮೆಂಟ್ ಉಕ್ಕಿ ಪಾದಕ್ಕೆ ಮೆತ್ತಿತು. ಹೊಸ್ತಿಲ ಮೇಲಿದ್ದ ಸುತ್ತಿಗೆಯನ್ನು ಎರಡೂ ಕೈಯಲ್ಲಿ ಎತ್ತಿದಳು.

"ಇನ್ನೊಂದೇಟು ಹೊಡೆದ್ಯೋ, ನಾನೂ ಹೊಡೀತೀನಿ ಕಣಣ್ಣ!"

"ಇವನಿಗೋಸ್ಕರ ನನ್ನ ಹೊಡೀತೀಯಾ?"

"ಹೊಡೀತೀನಿ. ಮದ್ವೆ ಅಂತ ಆದ್ರೆ ಇವ್ರನ್ನೇ."

ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಸುತ್ತಿಗೆ ಮಾತ್ರ ಕೆಳಗಿಳಿಯಲಿಲ್ಲ. ಎತ್ತಿ ಆಡಿಸಿದ ತಂಗಿ ತನ್ನೆದುರು ಹೀಗೆ ನಿಂತದ್ದನ್ನು ಕಾಂತರಾಜು ಎಂದೂ ಕಂಡಿರಲಿಲ್ಲ. ಅವನ ಮುಷ್ಟಿ ತಾನಾಗಿ ಸಡಿಲವಾಯಿತು.

ಬಸವೇಶ ನೋಡುತ್ತಿದ್ದುದು ಅವಳ ಪಾದಗಳನ್ನು. "ಬೇಗ ತೊಳೀಬೇಕು, ಸಿಮೆಂಟ್ ಚರ್ಮ ಸುಟ್ಬುಡುತ್ತೆ," ಎಂದು ಬಕೆಟ್ ಎಳೆದುಕೊಂಡು ಕುಳಿತ. ಅವಳ ಪಾದ ಉಜ್ಜುವಾಗ ಅವನ ತುಟಿಯ ರಕ್ತ ನೀರಿಗೆ ತೊಟ್ಟಿಕ್ಕಿತು.

ಕಾಂತರಾಜು ಬಹಳ ಹೊತ್ತು ನೋಡಿದ. ಆಮೇಲೆ ಆಚೆ ತಿರುಗಿ ಫೋನ್ ಕಿವಿಗಿಟ್ಟ. "ಭಾನುವಾರ ಬರ್ಬ್ಯಾಡಿ ಸಾ... ಇಲ್ಲ, ಮುಂದಿನ್ ವಾರಾನೂ ಬ್ಯಾಡ."

ಧನ್ಯಾ ಸುತ್ತಿಗೆ ಕೆಳಗಿಟ್ಟಳು.

ಬಸವೇಶ ನೋವಿನಲ್ಲೇ ನಕ್ಕ. "ಏಳು ಟೈಲ್ ಹೋದವು. ಅಂಟ್ಸಿದ್ರೆ ಒಂದೇ ದಿನಕ್ಕೆ ಮುಗೀತಿತ್ತು, ಆವತ್ತೇ ಹೇಳ್ದೆ."

"ನಂಗೆ ಒಂದು ದಿನ ಸಾಲ್ತಿರ್ಲಿಲ್ಲ ಕಣ್ರೀ," ಅಂದಳು ಧನ್ಯಾ. "ಐದೂ ಸಾಲ್ಲಿಲ್ಲ."