ಜಾಮಿಟ್ರಿ ಬಾಕ್ಸಿನ ಹುಳ

“ಅವ್ವಾ, ಇನ್ಮೇಲೆ ನೀನು ಹುಳದ ಮನೆ ಒಳಗೆ ಬರಬ್ಯಾಡ,” ಎಂದ ಅಪ್ಪ.

ಅಜ್ಜಿ ತಿಪ್ಪಮ್ಮ ಹಿಪ್ಪುನೇರಳೆ ಸೊಪ್ಪಿನ ಪುಟ್ಟಿ ಕೆಳಗಿಟ್ಟಳು. ಹೊರಗೆ ಹೋಗಿ ಜಗಲಿಯ ಮೇಲೆ ಕೂತಳು.

ರಕ್ಷಾಳ ಮನೆಯಲ್ಲಿ ರೇಷ್ಮೆ ಹುಳಕ್ಕಿರುವ ಮರ್ಯಾದೆ ನೆಂಟರಿಗಿಲ್ಲ. ಜಗಳೂರಿಂದ ಬಂದ ಸ್ವಂತ ಸೋದರಮಾವ ಕೂಡ ಹುಳದ ಮನೆಯ ಬಾಗಿಲಾಚೆ ನಿಂತೇ ಮಾತಾಡಿ ಹೋಗಬೇಕು. ಒಳಗೆ ಹೋಗುವ ಮನೆಯವರೂ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕೈಕಾಲು ತೊಳೆಯಬೇಕು.

ಈಗ ಮೂರನೇ ತಟ್ಟೆಯ ಹುಳಗಳು ಸೊಪ್ಪು ಮುಟ್ಟದೆ ಮಲಗಿದ್ದವು. ಅಜ್ಜಿಗೆ ಮೊದಲೇ ಮರೆವು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತಾಳೆ. ಹಾಗಾಗಿ ಕೈಕಾಲು ತೊಳೆಯುವುದನ್ನೂ ಮರೆತಿರಬೇಕು ಎಂದು ಅಪ್ಪ ತೀರ್ಮಾನ ಮಾಡಿಬಿಟ್ಟಿದ್ದ.

ರಕ್ಷಾ ಜಗಲಿಯ ಕಡೆ ನೋಡಲಿಲ್ಲ. ನೋಡಿದರೆ ಅಳು ಬರುತ್ತಿತ್ತು.

ಹೋದ ವಾರ ಗೆಳತಿ ಸುನೀತಾ ತನ್ನ ಮನೆಯ ಒಂದು ಹುಳವನ್ನು ಜಾಮಿಟ್ರಿ ಬಾಕ್ಸಿನಲ್ಲಿಟ್ಟು ಸ್ಕೂಲಿಗೆ ತಂದಿದ್ದಳು. ಅದು ಏನೂ ತಿನ್ನುತ್ತಿರಲಿಲ್ಲ. ಸುನೀತಾಳ ಮನೆಯ ಸೊಪ್ಪು ಚೆನ್ನಾಗಿಲ್ಲ, ನಮ್ಮ ಸೊಪ್ಪು ತಿಂದರೆ ಸರಿಹೋಗುತ್ತದೆ ಎಂದು ರಕ್ಷಾ ಅದನ್ನು ತನ್ನ ಬಾಕ್ಸಿಗೆ ಹಾಕಿಕೊಂಡು ಬಂದಳು. ನಿಯಮದ ಪ್ರಕಾರ ಕೈಕಾಲು ತೊಳೆದುಕೊಂಡು, ಹುಳವನ್ನು ಮೂರನೇ ತಟ್ಟೆಗೆ ಬಿಟ್ಟಳು. ಹುಳದ ಬಗ್ಗೆ ನಿಯಮ ಇರಲಿಲ್ಲ.

ಅಪ್ಪ ಅಜ್ಜಿಯನ್ನು ಹೊರಗೆ ಕಳಿಸಿದ ದಿನವೇ ಸಂಜೆ ರೇಷ್ಮೆ ಇಲಾಖೆಯ ಮರುಳಪ್ಪ ಸರ್ ಬಂದು ನೋಡಿದರು. ಇದು ಸಪ್ಪೆ ರೋಗ, ವೈರಸ್ಸಿನಿಂದ ಬರುತ್ತದೆ ಎಂದರು. ರೋಗದ ಹುಳ ಹಿಕ್ಕೆ ಹಾಕಿದ ಸೊಪ್ಪನ್ನು ಪಕ್ಕದ ಹುಳ ತಿಂದರೆ ಸಾಕಂತೆ. ವೈರಸ್ಸು ಎಷ್ಟು ಚಿಕ್ಕದೆಂದರೆ ಸ್ಕೂಲಿನ ಮೈಕ್ರೋಸ್ಕೋಪಿಗೂ ಕಾಣುವುದಿಲ್ಲವಂತೆ.

“ನಮ್ಮವ್ವನ ಕಾಲಿಂದ ಬಂದೈತೆ ಸರ್,” ಎಂದ ಅಪ್ಪ.

“ಅಜ್ಜಿ ಅಲ್ಲಪ್ಪ. ನಾನು ತಂದಿದ್ದು.”

ರಕ್ಷಾ ಎಲ್ಲವನ್ನೂ ಹೇಳಿದಳು. ಅಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅವನು ಸರ್ ಹೇಳಿದಂತೆ ಮೂರನೇ ತಟ್ಟೆಯನ್ನು ಹಿತ್ತಿಲಿಗೆ ಒಯ್ದು, ಹುಳಗಳನ್ನೆಲ್ಲ ಗುಂಡಿಗೆ ಸುರಿದ. ರಕ್ಷಾ ಮೇಲೆ ಸುಣ್ಣ ಹಾಕಿದಳು. ಕೆಲವು ಹುಳ ಇನ್ನೂ ತಲೆ ಎತ್ತುತ್ತಿದ್ದವು.

ಉಳಿದ ತಟ್ಟೆಗಳು ಉಳಿದಾವೋ ಇಲ್ಲವೋ, ಇನ್ನು ಎರಡು ದಿನ ಕಾಯಬೇಕಿತ್ತು.

ಅಪ್ಪ ಸೊಪ್ಪಿನ ಪುಟ್ಟಿಯನ್ನು ತಂದು ಜಗಲಿಯ ಮೇಲಿಟ್ಟ. “ಸೊಪ್ಪು ಹಾಕೋ ಹೊತ್ತಾತು, ಅವ್ವಾ,” ಎಂದ. ಅವನು ಅಜ್ಜಿಯ ಮುಖ ನೋಡುತ್ತಿರಲಿಲ್ಲ.

ಅಜ್ಜಿ ಎದ್ದು ಬಾಗಿಲ ಬಳಿ ಕೈಕಾಲು ತೊಳೆದಳು.

“ದಿನಾನೂ ತೊಳ್ಕಂತಿದ್ದೆ,” ಎಂದಳು. “ಯಾರೂ ಕೇಳಲಿಲ್ಲ.”

ರಕ್ಷಾ ಒಳಗೆ ಹೋಗಿ ಜಾಮಿಟ್ರಿ ಬಾಕ್ಸನ್ನು ತಂದು, ಕೈವಾರ, ಸ್ಕೇಲು, ರಬ್ಬರು ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಇಟ್ಟಳು. ಅವಳು ಬ್ಲೀಚಿಂಗ್ ಪೌಡರ್ ಹಾಕಿ ಒಂದೊಂದಾಗಿ ತಿಕ್ಕಿದಳು. ಹುಳಕ್ಕೆ ಸೊಪ್ಪು ಹಾಕಿ ಬಂದ ಅಜ್ಜಿ ಪಕ್ಕದಲ್ಲಿ ಕೂತು ಚೊಂಬಿನಿಂದ ನೀರು ಹಾಕಿದಳು.